ರೆಫರ್ ಆದವಳು

ನನ್ನ ಅಣ್ಣಂದಿರು ಅಮ್ಮಿಯ ವಿಷಯಕ್ಕೆ ಜಗಳ ಶುರು ಮಾಡಿದರೆ ಅಕ್ಕಪಕ್ಕದವರು ಟಿವಿ ಸದ್ದು ಕಡಿಮೆ ಮಾಡಿ ಕೇಳುತ್ತಿದ್ದರು. ಹಿರಿಯವನು ಮುಜಾಹಿದ್, ದಾವಣಗೆರೆಯಲ್ಲಿ ಅಬ್ಬಾ ಬಿಟ್ಟುಹೋದ ಮಂಡಕ್ಕಿ ಭಟ್ಟಿ ನಡೆಸುತ್ತಾನೆ. ಕಿರಿಯವನು ಅಮ್ಜದ್, ಹರಿಹರದಲ್ಲಿ ಲೇತ್ ಕೆಲಸಕ್ಕೆ ಹೋಗುತ್ತಾನೆ. ಅಮ್ಮಿ ಇದ್ದದ್ದು ಅಮ್ಜದ್ ಮನೆಯಲ್ಲಿ. ನಾನು ತಸ್ಲೀಮ್, ಇಬ್ಬರಿಗೂ ತಂಗಿ, ಅದೇ ಬೀದಿಯಲ್ಲಿರುವವಳು. ಜಗಳ ಮುಗಿದ ಮೇಲೆ ಚಹಾ ಮಾಡುವ ಕೆಲಸ ನನ್ನದು.

ಅಮ್ಮಿಗೆ ಬಚ್ಚಲಿಗೆ ಹೋಗಿ ಬಂದರೂ ಉಸಿರು ಕಟ್ಟುತ್ತಿತ್ತು. ಹೃದಯದ ಒಂದು ಕವಾಟ ಹಾಳಾಗಿದೆ, ಆಪರೇಷನ್ ಮಾಡಿ ಬೇರೆ ಹಾಕಬೇಕು ಎಂದು ಡಾಕ್ಟರು ಹೇಳಿದ್ದರು. ಎಲ್ಲಿ ಹಾಕಿಸಬೇಕು ಎನ್ನುವುದೇ ಜಗಳ.

"ಪುಕ್ಕಟೆ ಮಾಡೋ ಕಡೆ ಯಾರು ಲಕ್ಷ್ಯ ಕೊಡ್ತಾರ?" ಎನ್ನುತ್ತಿದ್ದ ಮುಜಾಹಿದ್. "ರೊಕ್ಕ ಕಟ್ಟಿದ್ರೆ ಎದುರು ನಿಂತು ಕೇಳಬೌದು. ಭಟ್ಟಿ ಮಾರ್ತೀನಿ. ಕೆ.ಬಿ. ಬಡಾವಣೆ ಕಡೆ ಪ್ರೈವೇಟ್ ಆಸ್ಪತ್ರೆ ಐತಲ್ಲ, ಅಲ್ಲೇ ಸೇರಿಸ್ತೀನಿ."

"ಪುಕ್ಕಟೆ ಅಲ್ಲ ಅದು," ಅಮ್ಜದ್ ಬಿಡುತ್ತಿರಲಿಲ್ಲ. "ಸೋಪಿಗೂ ಟ್ಯಾಕ್ಸ್ ಕಟ್ತೀವಿ, ಚಪ್ಪಲಿಗೂ ಕಟ್ತೀವಿ. ಸರ್ಕಾರದಾಗೆ ಇರೋದು ನಮ್ಮ ರೊಕ್ಕಾನೇ. ಭಟ್ಟಿ ಮಾರಿ ಆಮ್ಯಾಲೆ ಏನು ಉಣ್ತೀ, ಉಸುಕಾ?"

ಅಮ್ಮಿ ಹದಡಿಯಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ನಾವು ಉರ್ದು ಆಡಿದರೂ ತಮಾಷೆಗೆ, ಸಂಕಟಕ್ಕೆ ಅವಳಿಗೆ ಕನ್ನಡವೇ ಬೇಕು. "ಮ್ಯಾಲಿನ ಅರ್ಧ ಪ್ರೈವೇಟಿಗೆ ಹಾಕ್ರಿ, ಕೆಳಗಿನ ಅರ್ಧ ಸರ್ಕಾರಕ್ಕೆ ಕೊಡ್ರಿ," ಎಂದು ಹಾಸಿಗೆಯಿಂದಲೇ ತೀರ್ಪು ಕೊಡುತ್ತಿದ್ದಳು. ಆಮೇಲೆ ಪಕ್ಕದ ಮನೆಯ ರಂಗವ್ವನ ಹತ್ತಿರ, "ನೋಡು, ನನ್ನ ಸಲುವಾಗಿ ಹೆಂಗೆ ಹೊಡೆದಾಡ್ತಾವ," ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಆ ಜಗಳ ಅವಳಿಗೆ ಔಷಧಿಗಿಂತ ಹಿತವಾಗಿತ್ತು.

ಕೊನೆಗೆ ಒಂದು ಸಲ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸೋಣ ಎಂದು ಅಮ್ಜದ್ ಒಪ್ಪಿಸಿದ. ದಾವಣಗೆರೆಗೆ ಹೋದೆವು. ಮುಜಾಹಿದ್ ಭಟ್ಟಿಯಿಂದ ನೇರ ಅಲ್ಲಿಗೆ ಬಂದು, ಮೂಗಿಗೆ ಕರವಸ್ತ್ರ ಹಿಡಿದು ಸಿಡಿಮಿಡಿಯಿಂದ ನಿಂತಿದ್ದ. ಅಮ್ಮಿಯನ್ನು ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅವಸರ ಮಾಡಲಿಲ್ಲ, ಎದೆಗೆ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿಸಿಕೊಂಡಳು.

"ಈ ಆಪರೇಷನ್ ನಮ್ಮಲ್ಲಿ ಆಗಲ್ಲಮ್ಮ. ರೆಫರ್ ಮಾಡ್ತೀನಿ. ತಡ ಮಾಡಬೇಡಿ," ಎಂದಳು.

ಅಣ್ಣಂದಿರನ್ನು ಹೊರಗೆ ಕರೆದು ಬಿಡಿಸಿ ಹೇಳಿದಳು. ಸರ್ಕಾರಿ ಆಸ್ಪತ್ರೆಯವರು ಬರೆದುಕೊಟ್ಟರೆ ಪ್ರೈವೇಟ್ ಆಸ್ಪತ್ರೆಯವರೇ ಆಪರೇಷನ್ ಮಾಡುತ್ತಾರೆ, ಖರ್ಚು ಸರ್ಕಾರದ್ದು. ಯಾವ ಆಸ್ಪತ್ರೆ ಎಂದು ನೋಡಿದರೆ, ಮುಜಾಹಿದ್ ಭಟ್ಟಿ ಮಾರಿ ಸೇರಿಸುತ್ತೇನೆ ಎನ್ನುತ್ತಿದ್ದ ಅದೇ ಆಸ್ಪತ್ರೆ. ಇಬ್ಬರೂ ಗೆದ್ದಿದ್ದರು. ಗೇಟಿನ ಹತ್ತಿರ ಒಂದೇ ಪೊಟ್ಟಣದಲ್ಲಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು, ನಿಂತಲ್ಲೇ ತಿನ್ನುತ್ತ ಚಿಕ್ಕವರ ಹಾಗೆ ನಕ್ಕರು. ಭಟ್ಟಿ ಉಳಿಯಿತು ಎಂದು ಮುಜಾಹಿದ್ ಜೋರಾಗಿಯೇ ಹೇಳಿದ.

ಬೆಂಚಿನ ಮೇಲೆ ಕೂತಿದ್ದ ಅಮ್ಮಿ ಅವರನ್ನೇ ನೋಡುತ್ತಿದ್ದಳು. ತಸ್ಬೀ ಮಣಿ ಎಣಿಸುತ್ತಿದ್ದ ಬೆರಳು ನಿಂತಿತ್ತು.

"ತಸ್ಲೀಮ್, ನನ್ನ ಹರಿಹರಕ್ಕೆ ಕರ್ಕೊಂಡು ಹೋಗು. ಮನ್ಯಾಗೇ ಸಾಯ್ತೀನಿ."

ನನಗೆ ಅರ್ಥವಾಗಲಿಲ್ಲ. "ರೆಫರ್ ಅಂದ್ರಲ್ಲ," ಎಂದಳು ಅಮ್ಮಿ.

ಆಗ ಹೊಳೆಯಿತು. ನಮ್ಮ ಬೀದಿಯಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ. ಎದುರು ಮನೆಯ ಲಾಲ್ ಸಾಬ್‌ರನ್ನು ರೆಫರ್ ಮಾಡಿದರು ಎಂದು ಆಂಬುಲೆನ್ಸ್‌ನಲ್ಲಿ ಕರೆದೊಯ್ದರು, ಸಂಜೆ ಬಿಳಿ ಬಟ್ಟೆ ಸುತ್ತಿದ ಮಯ್ಯತ್ ಬಂತು. ಅವರಿಗಿಂತ ಮುಂಚೆಯೂ ರೆಫರ್ ಆದವರು ಯಾರೂ ನಡೆದುಕೊಂಡು ವಾಪಸ್ ಬಂದದ್ದನ್ನು ಅಮ್ಮಿ ಕಂಡಿರಲಿಲ್ಲ. ರೆಫರ್ ಎಂದರೆ ಕೈಬಿಟ್ಟರು ಎಂದೇ.

ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಒಳ್ಳೆಯ ಆಸ್ಪತ್ರೆ, ದೊಡ್ಡ ಡಾಕ್ಟರು, ಗುಣವಾಗುತ್ತದೆ ಎಂದೆ. ಅಮ್ಮಿ ನನ್ನ ಕೆನ್ನೆ ಸವರಿದಳು.

"ಆಂಬುಲೆನ್ಸ್ ಹತ್ತೋವಾಗ ಲಾಲ್ ಸಾಬ್‌ಗೆ ನಾನೂ ಇದೇ ಮಾತು ಹೇಳಿದ್ದೆ ಬೇಟಾ. ಏನೂ ಆಗಲ್ಲ, ದೊಡ್ಡ ಡಾಕ್ಟರು ನೋಡ್ತಾರೆ ಅಂತ."

"ಅಮ್ಮಿ, ಇದು ಖರೆ."

"ಇಷ್ಟು ದಿನ ಬಡಿದಾಡೋರು ಇವತ್ತು ಒಂದೇ ಪೊಟ್ಟಣದಾಗೆ ತಿಂತಿದಾರ. ಆಸೆ ಇದ್ದಿದ್ರೆ ಇನ್ನೂ ಬಡಿದಾಡೋರು. ಭಟ್ಟೀನೂ ಮಾರಲ್ಲಂತೆ. ಸಾಯೋಳ ಸಲುವಾಗಿ ಯಾಕ ಮಾರಬೇಕು, ಮಾರಬಾರದು."

ಈಗಲೂ ಆ ಪದದ ಮೇಲೆ ನನಗೆ ಸಿಟ್ಟಿದೆ. 'ಅಲ್ಲಿಗೆ ಕಳಿಸ್ತೀನಿ' ಎಂದಿದ್ದರೆ ಏನಾಗುತ್ತಿತ್ತು? ಆ ಡಾಕ್ಟರದ್ದು ತಪ್ಪಿಲ್ಲ, ಪಾಪ, ದಿನಕ್ಕೆ ಎಷ್ಟು ಜನಕ್ಕೆ ಹೇಳುತ್ತಾಳೋ. ಆದರೂ ಸಿಟ್ಟು ಹೋಗುವುದಿಲ್ಲ.

ಮನೆಗೆ ಬಂದ ಮೇಲೆ ಅಮ್ಮಿ ಹಟ ಹಿಡಿದು ಮಲಗಿದಳು. ನಾವು ಹೇಳಿದಷ್ಟೂ ಅವಳಿಗೆ ಸಾವು ಖಾತ್ರಿಯಾಗುತ್ತಿತ್ತು. ಅಮ್ಜದ್ ಪರಿಚಯದ ನರ್ಸ್ ಒಬ್ಬರನ್ನು ಕರೆತಂದ. ಅಮ್ಮಿ ಅವರ ಮಾತೆಲ್ಲ ಕೇಳಿ, ಶರಬತ್ತು ಕುಡಿಸಿ, ದುವಾ ಮಾಡಿ ಕಳಿಸಿದಳು. ವಾರ ಕಳೆಯಿತು. ಕಾಲು ಬಾತುಕೊಂಡವು, ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುವ ಹಾಗಾಯಿತು.

ಆಗ ಮುಜಾಹಿದ್ ಬಂದು ಅವಳ ಕಾಲ ಹತ್ತಿರ ಕೂತ.

"ಅಮ್ಮಿ, ಸರ್ಕಾರದ್ದು ಬಿಟ್ಟುಬಿಟ್ಟೆ. ಭಟ್ಟಿ ಮಾರಿ ರೊಕ್ಕ ಕಟ್ಟಿ ಬಂದೀನಿ. ನಾಳೆ ಸೇರಿಸ್ಕೋತಾರ."

ಅಮ್ಜದ್ ಒಂದು ಕ್ಷಣ ಅಣ್ಣನ ಮುಖ ನೋಡಿದ. ಆಮೇಲೆ ಕೂಗಾಡಲು ಶುರು ಮಾಡಿದ. ನನ್ನ ಕೇಳದೆ ಯಾಕ ಮಾರಿದೆ, ಅದು ಅಬ್ಬಾಂದು, ನಿನ್ನೊಬ್ಬಂದಲ್ಲ ಎಂದ. ಮುಜಾಹಿದ್ ಕೂಡ ಎದ್ದು ನಿಂತ. ಭಟ್ಟಿ ಮಾರಿಲ್ಲ, ಇದು ನಾಟಕ ಎಂದು ಗೊತ್ತಿದ್ದ ನನಗೇ ಅದು ಎಲ್ಲಿಗೆ ಮುಗಿದು ಎಲ್ಲಿಂದ ನಿಜ ಶುರುವಾಯಿತು ಎಂದು ತಿಳಿಯಲಿಲ್ಲ, ಇಬ್ಬರ ಕಣ್ಣಲ್ಲೂ ನೀರಿತ್ತು.

ಅಮ್ಮಿ ಎದ್ದು ಕೂತಳು. ಭಟ್ಟಿಗಾಗಿ ಅತ್ತಳು, ಮುಜಾಹಿದ್‌ಗೆ ಬಾಯಿಗೆ ಬಂದಂತೆ ಬೈದಳು. ಬೈಯುತ್ತಿದ್ದಂತೆ ಮುಖ ಗೆಲುವಾಯಿತು. "ಟ್ರಂಕಿನಾಗೆ ಹಸಿರು ಸೀರೆ ಐತೆ, ತೆಗೆದಿಡು ತಸ್ಲೀಮ್," ಎಂದಳು. ನಿಜವನ್ನು ವಾರವಿಡೀ ನಂಬದವಳು ಸುಳ್ಳನ್ನು ಒಂದೇ ಏಟಿಗೆ ನಂಬಿದಳು.

ಮರುದಿನ ಬಾಡಿಗೆ ಕಾರಿನಲ್ಲಿ ಹೊರಟೆವು. ಮುಂದೆ ಮುಜಾಹಿದ್, ಹಿಂದೆ ನನ್ನ ಮತ್ತು ಅಮ್ಜದ್ ನಡುವೆ ಅಮ್ಮಿ. ದಾರಿಯಲ್ಲಿ ದೊಡ್ಡಬಾತಿ ದಾಟಿದ ಮೇಲೆ ಅಮ್ಮಿ ಕೇಳಿದಳು.

"ಭಟ್ಟಿ ಯಾರಿಗೆ ಕೊಟ್ಟೆ ಬೇಟಾ?"

ಅವನು ಹಿಂತಿರುಗಲಿಲ್ಲ. "ಭರಮಣ್ಣಗೆ," ಎಂದ. ಮಾಯಕೊಂಡದ ಭರಮಣ್ಣ ಅಬ್ಬಾ ಕಾಲದಿಂದ ನಮ್ಮ ಭಟ್ಟಿಗೆ ಭತ್ತ ಕೊಡುವವರು. ಬಾಯಿಗೆ ಬಂದ ಹೆಸರು ಅದು.

"ಗುರುತಿನೋರು, ಒಳ್ಳೇದಾತು. ನಿನ್ನ ಕೂಲಿಗಾದ್ರೂ ಇಟ್ಕೋತಾರ?"

"ಇಟ್ಕೋತಾರ ಅಮ್ಮಿ."

"ನನ್ನಿಂದ ಹೋತಲ್ಲಪ್ಪಾ," ಎಂದು ನನ್ನ ಹೆಗಲಿಗೆ ತಲೆ ಇಟ್ಟಳು. ನಿದ್ದೆ ಬಂತು ಎಂದುಕೊಂಡೆ. ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿ ತಂದು ಎಬ್ಬಿಸಲು ಹೋದರೆ ಅವಳು ಏಳಲಿಲ್ಲ.

ಮುಜಾಹಿದ್ ಅಳಲಿಲ್ಲ. ಖಬರಸ್ತಾನದಲ್ಲೂ ಅಳಲಿಲ್ಲ, ಮೂರನೆಯ ದಿನದ ಜಿಯಾರತ್‌ಗೆ ಬಂದವರನ್ನೆಲ್ಲ ತಾನೇ ನಿಂತು ಊಟಕ್ಕೆ ಕೂರಿಸಿದ. ಭರಮಣ್ಣ ಅವತ್ತು ಬಂದರು. ಚಾಪೆಯ ಮೇಲೆ ಕೂತು, ಅಮ್ಮಿ ಭಟ್ಟಿಯಲ್ಲಿ ತನಗೆ ಬೆಲ್ಲದ ಚಹಾ ಮಾಡಿಕೊಡುತ್ತಿದ್ದುದನ್ನು ನೆನೆದು ಕಣ್ಣೊರೆಸಿಕೊಂಡರು. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಕೇಳಿದರು.

"ತಮ್ಮಾ, ಭತ್ತ ತುಂಬಿಸಿ ಇಟ್ಟೀನಿ. ನಿನ್ನ ಭಟ್ಟಿಗೆ ಯಾವಾಗ ಕಳಿಸ್ಲಿ?"

ಮುಜಾಹಿದ್ ಅವರ ಎರಡೂ ಕೈ ಹಿಡಿದುಕೊಂಡ. ಅವರ ಕೈಗೆ ಮುಖ ಒತ್ತಿಕೊಂಡು ಹೊಸ್ತಿಲಲ್ಲೇ ಕುಸಿದು ಅಳತೊಡಗಿದ.

"ಯಾಕ ತಮ್ಮಾ," ಎಂದು ಭರಮಣ್ಣ ಗಾಬರಿಯಾಗಿ ನನ್ನ ಕಡೆ ನೋಡಿದರು, "ಭಟ್ಟಿಗೆ ಏನಾತು?"