ಒಂದೇ ನಂಬರಿನ ಡಬ್ಬಿ

ಗುಂಯ್ ಅಂತ ಟ್ರಿಮ್ಮರು ಶುರುವಾಯಿತು ಪ್ಲೈವುಡ್ಡಿನ ಆಚೆ, ಅಂದರೆ ಅಣ್ಣನ ಕುರ್ಚಿಯಲ್ಲಿ ದಿನದ ಮೊದಲ ತಲೆ ಕೂತಿತು, ಇನ್ನು ಸ್ವಲ್ಪ ಹೊತ್ತಿಗೆ ಪೌಡರಿನ ಘಮ ಈ ಅಡ್ಡಗೋಡೆ ಹತ್ತಿ ಇಳಿದು ಅವಳ ಹೊಲಿಗೆ ಮಷೀನಿನ ಮೇಲೆ ಕೂರುತ್ತದೆ, ಕೂರಲಿ, ಇವತ್ತೊಂದು ದಿನ ಕೂರಲಿ, ಆಮೇಲೆ ಇಲ್ಲಿ ಇಟ್ಟಿಗೆ ಏಳುತ್ತದೆ, ಸೂರಿನ ತನಕ, ಘಮ ನುಸುಳುವುದಕ್ಕೆ ಒಂದು ಕಿಂಡಿಯೂ ಇಲ್ಲದ ಹಾಗೆ — ಅವಳು ದಾರದ ತುದಿಯನ್ನು ಹಲ್ಲಲ್ಲಿ ಕಡಿದು ಸೂಜಿಗೆ ಕೊಟ್ಟಳು, ಒಂದೇ ಸಲಕ್ಕೆ ಹೋಯಿತು, ಈ ವಯಸ್ಸಿಗೂ ಕಣ್ಣು ನೆಟ್ಟಗಿದೆ, ಕೈ ನೆಟ್ಟಗಿದೆ, ಕಾನೂನಂತೂ ಅವಳ ಪಕ್ಕದಲ್ಲೇ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಿದೆ, ಇನ್ನೇನು ಬೇಕು. ನಗರಸಭೆಯ ಕಸದ ಇನ್‌ಸ್ಪೆಕ್ಟರು ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ, ಬೆಳಿಗ್ಗೆ ಬರ್ತೀನಮ್ಮ, ಪೇಂಟು ಬ್ರಶ್ಶು ತಗೊಂಡೇ ಬರ್ತೀನಿ, ಹೊಸ ನಂಬರು ಬರೆದು ನಿಮ್ಮ ಡಬ್ಬಿ ನಿಮಗೆ ಇಳಿಸಿ ಹೋಗ್ತೀನಿ, ಅಣ್ಣತಂಗಿ ಇಬ್ರೂ ಇರಿ. ಇರದೆ ಎಲ್ಲಿಗೆ ಹೋಗುತ್ತಾರೆ, ಅಪ್ಪನ ಒಂದು ಅಂಗಡಿಯನ್ನು ಉದ್ದಕ್ಕೆ ಸೀಳಿಕೊಂಡು ಆ ಕಡೆ ಅವನು ಕತ್ತರಿ ಆಡಿಸುತ್ತಾನೆ, ಈ ಕಡೆ ಇವಳು, ಅವನು ತಲೆ ಕತ್ತರಿಸುವುದು, ಇವಳು ಬಟ್ಟೆ ಕತ್ತರಿಸುವುದು, ಕತ್ತರಿ ಮಾತ್ರ ಒಂದೇ ಮನೆತನದ್ದು.

ಬಾಗಿಲಿಗೊಂದು ನಂಬರು, ನಂಬರಿಗೊಂದು ಜೊತೆ ಡಬ್ಬಿ, ಹಸಿರು ಹಸಿ ಕಸಕ್ಕೆ ನೀಲಿ ಒಣ ಕಸಕ್ಕೆ, ಇದು ನಿಯಮ, ಸೀಳಿದ ಈ ಅಂಗಡಿಗೆ ಮಾತ್ರ ಇನ್ನೂ ಅಪ್ಪನ ಕಾಲದ ಒಂದೇ ನಂಬರು, ಇಬ್ಬರಿಗೂ ಒಂದೇ ಜೊತೆ ಡಬ್ಬಿ, ಬೀದಿಯ ಮೂಲೆಯಲ್ಲಿ ಬೋರ್ಡೇ ನಿಲ್ಲಿಸಿದ್ದಾರೆ, ಅದನ್ನವಳು ಎಷ್ಟು ಸಲ ಓದಿದ್ದಾಳೆಂದರೆ ಕಣ್ಣು ಮುಚ್ಚಿಕೊಂಡು ಒಪ್ಪಿಸಬಲ್ಲಳು, ಅಂಗಡಿಯವರು ಕಸವನ್ನು ತಮ್ಮ ಜಾಗದ ಒಳಗೇ ಇಟ್ಟುಕೊಳ್ಳಬೇಕು, ಫುಟ್‌ಪಾತಿನ ಮೇಲೆ ಇಡುವಂತಿಲ್ಲ, ಚರಂಡಿ ಪಕ್ಕ ಇಡುವಂತಿಲ್ಲ, ಮುಚ್ಚಳ ಪೂರ್ತಿ ಕೂತಿರಬೇಕು, ಗಾಡಿಯ ಗಂಟೆ ಕೇಳಿದ ಮೇಲೆಯೇ ಹೊರಗೆ ತರಬೇಕು, ಕಲಸಿದ ಕಸ ಎತ್ತುವುದಿಲ್ಲ. ಕಲಸುವವನು ಯಾರು ಅಂತ ಬೋರ್ಡಿನಲ್ಲಿ ಬರೆದಿಲ್ಲ, ಬರೆಯಬೇಕಾಗಿತ್ತು. ಕೂದಲಿಗೆ ಬೇರೆ ಚೀಲ ಅಂತ ಬರೆದಿದೆಯಲ್ಲ, ಅದನ್ನು ಅಣ್ಣ ಓದಿಯೇ ಇಲ್ಲದವನ ಹಾಗೆ ಗುಡಿಸಿದ್ದನ್ನೆಲ್ಲ ಬಾಚಿ ತಂದು ನೀಲಿ ಡಬ್ಬಿಗೆ ಸುರಿಯುತ್ತಾನೆ, ಅವಳ ಬಟ್ಟೆ ಚೂರುಗಳ ಮೇಲೆ, ಆ ಚೂರುಗಳೋ ದಿಂಬು ತುಂಬುವವನಿಗೆ ಹೋಗಬೇಕಾದವು, ದಿಂಬಿನವನು ಒಂದು ದಿನ ಚೀಲ ಬಿಚ್ಚಿ ನೋಡಿ ಮುಖ ಹಿಂಡಿಕೊಂಡ, ಏನಕ್ಕಾ ಇದು, ಊರವರ ತಲೆಯೆಲ್ಲಾ ಇಲ್ಲೇ ಇದೆ, ಇದರ ಮೇಲೆ ಯಾರ ತಲೆ ಇಡಿಸ್ಲಿ. ಆಮೇಲೆ ಗಾಡಿಯ ಹೆಂಗಸು ಮುಚ್ಚಳ ಎತ್ತಿ ನೋಡಿ, ಎತ್ತದೆ, ಕೆಂಪು ಚೀಟಿ ಅಂಟಿಸಿ ಹೋದಳು, ಮಿಶ್ರ ಕಸ, ಬೀದಿಯಲ್ಲಿ ಹೋಗುವವರೆಲ್ಲ ನಿಂತು ಓದಿಕೊಂಡು ಹೋಗುವ ಹಾಗೆ, ಅವಳು ಹುಟ್ಟಿದಾಗಿನಿಂದ ಯಾರ ಹತ್ತಿರವೂ ಒಂದು ಮಾತು ಅನ್ನಿಸಿಕೊಂಡವಳಲ್ಲ, ಆ ಚೀಟಿಯನ್ನು ಉಗುರಲ್ಲಿ ಕೆರೆದು ಕೆರೆದು ತೆಗೆದಳು, ಅವತ್ತೇ ತೀರ್ಮಾನ ಮಾಡಿದಳು, ಬೇರೆ ನಂಬರು, ಬೇರೆ ಡಬ್ಬಿ, ಬೇರೆ ಗೋಡೆ.

ಅಪ್ಪ ಹೋದ ಮೇಲೆ ಅಣ್ಣ ಅಂದದ್ದು ಒಂದೇ ಮಾತು, ಹೆಣ್ಣುಮಗಳು ಅಂಗಡಿ ಇಟ್ಕೊಂಡು ಏನು ಮಾಡ್ತಾಳೆ. ಹೊಲೀತಾಳೆ ಅಂತ ಅವಳಂದಳು. ಅದು ಅವರಿಬ್ಬರೂ ಒಬ್ಬರಿಗೊಬ್ಬರು ಮುಖ ಕೊಟ್ಟು ಆಡಿದ ಕೊನೆಯ ಮಾತು, ಆಮೇಲೆ ಹಿರಿಯರು ಕೂತರು, ಹಗ್ಗ ಹಿಡಿದು ಅಳೆದರು, ಅಗಲದ ಭಾಗ ಅವನಿಗೆ, ಕಿರಿದು ಇವಳಿಗೆ, ಕಿರಿದಾಯಿತು ಅಂತ ಸಮಾಧಾನಕ್ಕೆ ಹಿಂದೆ ನಲ್ಲಿ ಇರುವ, ಈಗ ಡಬ್ಬಿ ಇಡುವ ಓಣಿಯನ್ನೂ ಇವಳ ಕಡೆಗೇ ಬಿಟ್ಟರು, ಆಗ ಯಾರಿಗೆ ಗೊತ್ತಿತ್ತು ಒಂದು ದಿನ ಈ ಊರಲ್ಲಿ ಚಿನ್ನ ಇಡುವ ಜಾಗಕ್ಕಿಂತ ಕಸ ಇಡುವ ಜಾಗಕ್ಕೆ ಬೆಲೆ ಬರುತ್ತದೆ ಅಂತ. ಇನ್‌ಸ್ಪೆಕ್ಟರೇ ಕೇಳಿದರು, ಯೋಚನೆ ಮಾಡಿದೀರೇನಮ್ಮ, ಓಣಿ ನಿಮ್ಮದು, ನಂಬರು ಬೇರೆ ಆದ್ರೆ ಅವರಿಗೆ ಕಸ ಇಡೋಕೆ ಜಾಗಾನೇ ಇರಲ್ಲ, ಜಾಗ ಇಲ್ಲದ ಅಂಗಡಿಗೆ ನಾವು ಪರವಾನಗಿ ಕೊಡೋ ಹಾಗಿಲ್ಲ. ಮಾಡಿದೀನಿ ಸಾರ್, ಅಂದಳು, ಕುರ್ಚಿ ಕೆಳಗೆ ಇಟ್ಕೊಳ್ಳಲಿ. ಎಷ್ಟು ಸಲೀಸಾಗಿ ಬಂತು ಆ ಮಾತು, ಬಿಸಿ ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಜಾರಿದ ಹಾಗೆ, ಅವಳಿಗೆ ಈಗಲೂ ಅದರ ಬಗ್ಗೆ ಹೆಮ್ಮೆಯೇ — ಅಯ್ಯೋ ಅನ್ನುವುದಕ್ಕೆ ಅವನೇನು ಅಯ್ಯೋ ಅಂದಿದ್ದನೇ, ತನಗೆ ಬೇಕಾದದ್ದನ್ನು ಬೇಕು ಅನ್ನುವುದನ್ನು ಅವಳು ಈ ಹೊಲಿಗೆ ಮಷೀನಿನ ಮುಂದೆ ಕೂತೇ ಕಲಿತದ್ದು, ಯಾರೂ ಹೇಳಿಕೊಟ್ಟದ್ದಲ್ಲ.

ಮಾತೇ ಇಲ್ಲವೆಂದಲ್ಲ, ಇದೆ, ಸೋಪು ಹಚ್ಚಿ ಕೂರಿಸಿದ ಗಿರಾಕಿಗೆ ಅಣ್ಣ ಹೇಳುತ್ತಾನೆ, ಕೆಲವರು ನಲ್ಲಿ ಸರಿಯಾಗಿ ತಿರುಗಿಸಲ್ಲ ಸಾರ್, ರಾತ್ರಿಯೆಲ್ಲಾ ತೊಟ್ಟಿಕ್ತದೆ, ಪಾಪದವನು ಬಾಯಿ ಬಿಟ್ಟರೆ ನೊರೆ ಒಳಗೆ ಹೋಗುತ್ತದೆ, ಹೂಂ ಅನ್ನುತ್ತಾನೆ, ಇವಳೂ ಬಿಟ್ಟವಳಲ್ಲ, ಅಳತೆಗೆ ತೋಳೆತ್ತಿ ನಿಂತ ಹೆಂಗಸಿಗೆ ಹೇಳುತ್ತಾಳೆ, ಕೆಲವರಿಗೆ ಬೋರ್ಡು ಓದೋಕೆ ಬರಲ್ಲ ಕಣ್ರೀ, ಕನ್ನಡಿ ನೋಡೋಕೆ ಮಾತ್ರ ಬರತ್ತೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಅನ್ನುತ್ತಾರಲ್ಲ, ಇಲ್ಲಿ ಅಡ್ಡಗೋಡೆಯೂ ಇದೆ, ಎರಡೂ ಕಡೆ ಬೆಳಕೂ ಬೀಳುತ್ತದೆ, ಸುಡುವುದೂ ಎರಡೂ ಕಡೆಗೆ. ಇನ್‌ಸ್ಪೆಕ್ಟರು ಬರುವ ಮುಂಚೆ ಒಂದು ಕೆಲಸ ಮುಗಿಸಿಬಿಡಬೇಕು, ಸಾಕ್ಷಿ, ಬರೀ ಬಾಯಿಮಾತು ಯಾಕೆ, ನೀಲಿ ಡಬ್ಬಿಯ ಮುಚ್ಚಳ ತೆಗೆದು, ಮೇಲಿನ ಚೂರುಗಳನ್ನು ಪಕ್ಕಕ್ಕೆ ಸರಿಸಿ, ಕೂದಲು ಎದ್ದು ಕಾಣುವ ಹಾಗೆ ಇಟ್ಟರೆ ಸರಿ, ನೋಡಿ ಸಾರ್ ನೀವೇ ನೋಡಿ. ಅವಳು ಸೂಜಿಯನ್ನು ಕಾಲರಿಗೆ ಚುಚ್ಚಿಟ್ಟು ಎದ್ದಳು, ಓಣಿಗೆ ಬಂದಳು, ನಲ್ಲಿ ತೊಟ್ಟಿಕ್ಕುತ್ತಿತ್ತು, ಹೌದು ಸ್ವಲ್ಪ ತೊಟ್ಟಿಕ್ಕುತ್ತದೆ, ವಾಷರು ಹೋಗಿದೆ, ತಿರುಗಿಸದೇ ಇದ್ದದ್ದಲ್ಲ, ಮುಚ್ಚಳ ತೆಗೆದಳು, ಸಂಜೆ ಸಂಜೆ ಅಂಗಡಿ ಮುಚ್ಚುವಾಗ ಅವಳೇ ಅಂಗೈಯಿಂದ ಒತ್ತಿ ಒತ್ತಿ ಮುಚ್ಚುವ ಮುಚ್ಚಳ, ಬಟ್ಟೆ ಚೂರು ಅಂದರೆ ಹಿಟ್ಟಿನ ಹಾಗೆ ಉಬ್ಬುತ್ತದೆ, ಒತ್ತದಿದ್ದರೆ ಮುಚ್ಚಳ ಕೂರುವುದಿಲ್ಲ, ಕೂರದಿದ್ದರೆ ನಾಯಿ — ಅದೇ ಧೈರ್ಯದಲ್ಲಿ ಬರಿಗೈಯನ್ನು ಮೊಣಕೈವರೆಗೆ ಇಳಿಸಿದಳು, ಮೆತ್ತಗೆ, ಮೆತ್ತಗೆ, ಕೂದಲು, ಥೂ, ಮತ್ತೆ ಮೆತ್ತಗೆ, ಆಮೇಲೆ ಗಟ್ಟಿ, ಚಿಕ್ಕದು, ಚೌಕ, ಎಳೆದು ತೆಗೆದಳು.

ಪೊಟ್ಟಣ. ಹಳೆಯ ಪತ್ರಿಕೆಯ ಹಾಳೆ, ಮಡಿಕೆಯ ಮೇಲೆ ಮಡಿಕೆ, ಸುತ್ತ ದಾರ, ದಾರ ಹಸಿರು, ಅವಳದ್ದೇ, ಶಾಲೆಯ ಯೂನಿಫಾರ್ಮಿಗೆ ತಂದ ಉಂಡೆಯದ್ದು, ನೆಲದ ಮೇಲೆ ಬಿದ್ದ ತುಂಡುಗಳನ್ನು ಗುಡಿಸಿ ಇದೇ ಡಬ್ಬಿಗೆ ಹಾಕಿದ್ದಳು, ಅದನ್ನೇ ಹೆಕ್ಕಿ ಕಟ್ಟಿದ್ದಾನೆ, ಗಂಟಿನ ಮೇಲೆ ಗಂಟು, ಪಕ್ಕದಲ್ಲಿ ಬಾಲ್‌ಪೆನ್ನಿನಲ್ಲಿ ತಿದ್ದಿ ತಿದ್ದಿ ದಪ್ಪಗೆ ಬರೆದದ್ದು, ಬ್ಲೇಡ್ ಇದೆ. ಕೈ ಹಾಕಬೇಡ. ಅವಳು ನಕ್ಕಳು, ಓಹೋ, ಇನ್‌ಸ್ಪೆಕ್ಟರು ಬರುವ ದಿನ ಎಂಥಾ ಶಿಸ್ತು, ಚುಚ್ಚುವಂಥದನ್ನು ಸುತ್ತಿ ಮೇಲೆ ಬರೆದು ಹಾಕಬೇಕು ಅನ್ನುವ ಸಾಲೂ ಬೋರ್ಡಿನಲ್ಲಿ ಉಂಟು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅಂತ ಇದಕ್ಕೇ ಹೇಳುವುದು, ಇವತ್ತು ಬೆಳಿಗ್ಗೆ ಕೂತು ಮಾಡಿದ್ದಾನೆ — ಆದರೆ ಇದು ಮೇಲಿರಲಿಲ್ಲ. ಮೊನ್ನೆಯ ಚೂರುಗಳ ಅಡಿಯಲ್ಲಿತ್ತು. ಅವಳು ಈ ಸಲ ನಿಧಾನವಾಗಿ ಕೈ ಇಳಿಸಿದಳು, ಇನ್ನೊಂದು, ಅದರ ಕೆಳಗೆ ಮತ್ತೊಂದು, ಎಲ್ಲದಕ್ಕೂ ದಾರ, ಎಲ್ಲದರ ಮೇಲೂ ಅದೇ ಮಾತು, ಒಂದರಲ್ಲಿ ಪೆನ್ನು ಬರದೆ ಗೀಚಿ ಮತ್ತೆ ಬರೆದಿದ್ದಾನೆ, ಕೈ ಹಾಕಬೇಡ, ಅಂದರೆ ಇದು ಇವತ್ತಿನದಲ್ಲ, ಸಂಜೆಯ ಮೇಲೆ ಸಂಜೆ ಅವಳು ಅಂಗೈ ಊರಿ ಒತ್ತಿದ್ದು ಇವುಗಳ ಮೇಲೆಯೇ, ಒಂದು ಗೀರೂ ಇಲ್ಲ, ಕೈ ತಿರುಗಿಸಿ ನೋಡಿಕೊಂಡಳು, ಸೂಜಿಯ ಹಳೆಯ ಚುಚ್ಚುಗಳು ಬಿಟ್ಟರೆ ಒಂದು ಗೀರೂ ಇಲ್ಲ, ಅದರ ಬಗ್ಗೆ ಅವಳು ಒಂದು ದಿನವೂ ಯೋಚಿಸಿದವಳಲ್ಲ, ಕ್ಷೌರದ ಅಂಗಡಿಯ ಕಸಕ್ಕೆ ಬರಿಗೈ ಹಾಕುವವಳು ಯೋಚಿಸಬೇಕಾಗಿತ್ತು.

ಇರಲಿ, ಇದು ಗಾಡಿಯವರಿಗೆ ಬರೆದದ್ದು, ನಿಯಮ ಇದೆ, ಬರೆದಿದ್ದಾನೆ, ಅಷ್ಟೇ. ಅಷ್ಟೇ ಆದರೆ ಹಾಕಬೇಡಿ ಅಂತ ಬರೆಯುತ್ತಿದ್ದ. ಅಣ್ಣನ ಬಾಯಲ್ಲಿ ಹೊರಗಿನವರಿಗೆ ಏಕವಚನವೇ ಇಲ್ಲ, ನಾಲ್ಕು ವರ್ಷದ ಪೋರನನ್ನು ಕುರ್ಚಿಗೆ ಹಲಗೆ ಹಾಕಿ ಕೂರಿಸಿ, ತಲೆ ಸ್ವಲ್ಪ ಬಗ್ಗಿಸಿ ಸಾರ್, ಅನ್ನುವವನು, ಗಾಡಿಯ ಹೆಂಗಸಿಗೆ ಬನ್ನಿ ಅಕ್ಕಾವ್ರೇ ನೀರು ಕುಡೀರಿ ಅನ್ನುವವನು, ಅಪ್ಪ ಕಲಿಸಿದ್ದು ಅದು, ಕತ್ತಿಯ ಮುಂದೆ ಕತ್ತು ಚಾಚಿ ಕೂತವರಿಗೆ ಮರ್ಯಾದೆ ಕೊಡದಿದ್ದರೆ ಇನ್ಯಾರಿಗೆ ಕೊಡ್ತೀಯೋ. ಅಂಗಡಿ ಸೀಳಿದ ಮೇಲೆ ಅವಳನ್ನೂ ಆ ಮರ್ಯಾದೆಯ ಸಾಲಿಗೆ ತಳ್ಳಿದ್ದ, ಅವರು, ಕೆಲವರು, ಪಕ್ಕದವರು, ಒಂದು ಸಲ ಆಸ್ಪತ್ರೆಯಲ್ಲಿ ಅತ್ತಿಗೆಯನ್ನು ನೋಡಲು ಹೋದಾಗ, ಗೋಡೆಯ ಕಡೆ ನೋಡಿಕೊಂಡು ಬನ್ನಿ ಕೂತ್ಕೊಳ್ಳಿ ಅಂದಿದ್ದ, ಆ ಬನ್ನಿ ಅವಳ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಎಷ್ಟೋ ಕಾಲ ಉಳಿದಿತ್ತು, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಾಗಾದರೆ ಈ ಬೇಡ ಯಾರಿಗೆ. ಈ ಡಬ್ಬಿಗೆ ಕೈ ಹಾಕುವವರು ಯಾರಿದ್ದಾರೆ, ಗಾಡಿಯವರು ಅದನ್ನು ಹಾಗೇ ಎತ್ತಿ ಬೋರಲು ಹಾಕುತ್ತಾರೆ, ಸಂಜೆ ಮುಚ್ಚಳ ಒತ್ತುವವಳು ಒಬ್ಬಳೇ — ಅವನಿಗೆ ಹೇಗೆ ಗೊತ್ತು, ಗೊತ್ತಿಲ್ಲದೆ ಏನು, ಪ್ಲೈವುಡ್ಡಿಗೆ ಕಿವಿ ಇದೆ, ಅವಳಿಗೆ ಅವನ ಟ್ರಿಮ್ಮರು ಕೇಳಿದ ಹಾಗೆ ಅವನಿಗೆ ಅವಳ ಮುಚ್ಚಳ ಕೇಳುತ್ತದೆ.

ಬೈಕು ನಿಂತ ಸದ್ದು. ನಿಂತರೇನು, ಅವಳೇನು ಹೆದರಿದವಳೇ, ಇನ್‌ಸ್ಪೆಕ್ಟರು ಪೇಂಟಿನ ಡಬ್ಬಿ ಹಿಡಿದುಕೊಂಡು ಓಣಿಗೇ ಬಂದರು, ಎಲ್ಲಿದಾರಮ್ಮ ನಿಮ್ಮ ಅಣ್ಣಾವ್ರು, ಅನ್ನುವಷ್ಟರಲ್ಲಿ ಟ್ರಿಮ್ಮರು ನಿಂತಿತು, ಹಿಂದಿನ ಬಾಗಿಲಲ್ಲಿ ಅಣ್ಣ, ಹೆಗಲ ಮೇಲೆ ಟವೆಲ್ಲು, ಕಿವಿಯ ಹಿಂದೆ ಬಾಚಣಿಗೆ, ಕಣ್ಣು ಮಾತ್ರ ನಲ್ಲಿಯ ಮೇಲೆ, ತೊಟ್ಟು ಎಣಿಸುವವನ ಹಾಗೆ, ಯಾವಾಗ ಇಷ್ಟು ಬಿಳಿಯಾಯಿತು ಇವನ ತಲೆ, ಊರಿನ ತಲೆಗೆಲ್ಲ ಬಣ್ಣ ಹಚ್ಚುವವನು ತನ್ನದಕ್ಕೆ ಹಚ್ಚಿಕೊಂಡಿಲ್ಲ. ಇನ್‌ಸ್ಪೆಕ್ಟರು ಬ್ರಶ್ಶು ಅದ್ದಿದರು, ನೋಡಿ, ಇನ್ನೊಂದ್ಸಲ ಕೇಳ್ತಾ ಇದೀನಿ, ಬರೆದ ಮೇಲೆ ಅಳಿಸೋಕಾಗಲ್ಲ, ಹೊಸ ನಂಬರು ಈ ಅಮ್ಮನವರಿಗೆ, ಡಬ್ಬಿಯೂ ಇವರಿಗೇ, ಓಣಿಯೂ ಇವರದ್ದೇ, ನಿಮಗೆ ಒಪ್ಪಿಗೇನಾ ಯಜಮಾನ್ರೇ. ಅವರು ಕೇಳಿದ್ರೆ ಬರೆದುಬಿಡಿ ಸಾರ್, ಅಂದ ಅಣ್ಣ, ಧ್ವನಿಯಲ್ಲಿ ಏನೂ ಇಲ್ಲ, ಬಾಡಿಗೆಗೆ ತಂದ ಧ್ವನಿಯ ಹಾಗೆ. ಬರೀಲೇನಮ್ಮ, ಅಂದರು ಇನ್‌ಸ್ಪೆಕ್ಟರು, ಬ್ರಶ್ಶಿನ ತುದಿಯಲ್ಲಿ ಕಪ್ಪು ಹನಿ ತುಂಬಿ ತುಂಬಿ ಇನ್ನೇನು ಬೀಳುವ ಹಾಗೆ, ಆಗ ಅವಳ ಬಾಯಿಂದ ಬಂದದ್ದು, ಬೇಡ.

ಏನು ಬೇಡ? ನಂಬರು ಬೇಡ ಸಾರ್, ಒಂದೇ ಇರಲಿ, ಗೋಡೇನೂ ಬೇಡ, ಡಬ್ಬಿ ಮಾತ್ರ ಇದಕ್ಕಿಂತ ದೊಡ್ಡದು ಕೊಡಿ, ಒತ್ತದೇ ಮುಚ್ಚುವಂಥದ್ದು. ಅಲ್ಲಮ್ಮ, ನನ್ನ ಇಷ್ಟು ದೂರ ಓಡಿಸಿ — ಬಂದಿದೀರಲ್ಲ, ಕುರ್ಚಿ ಖಾಲಿಯಾದ ಮೇಲೆ ಕ್ಷೌರ ಮಾಡಿಸ್ಕೊಂಡು ಹೋಗಿ, ಗಡ್ಡ ಬೆಳೆದಿದೆ, ಅಂದಳು, ಎಂಥಾ ಗಟ್ಟಿ ಧ್ವನಿ, ತನ್ನದೇ, ಸೋತವಳ ಧ್ವನಿ ಇದಲ್ಲ, ಓಣಿ ಅವಳದ್ದೇ, ಇವತ್ತೂ ನಾಳೆಯೂ ಅವಳದ್ದೇ, ಅದರಲ್ಲಿ ಯಾರ ಡಬ್ಬಿ ಇರಬೇಕು ಅನ್ನುವುದೂ ಅವಳ ಮಾತೇ, ಆಮೇಲೆ ತಿರುಗಿದಳು, ನೇರ ಅವನ ಮುಖಕ್ಕೆ, ಕೂದಲಿಗೆ ಬೇರೆ ಚೀಲ ಇಡು, ನನ್ನ ಚೂರಿಗೆ ಕಲಸಬೇಡ. ಇಡು ಅಂದಳು, ಬೇಡ ಅಂದಳು, ಕೇಳಿಸಿತೇ ಅವನಿಗೆ, ಕೇಳಿಸಿತು, ಬಾಚಣಿಗೆ ಕಿವಿಯಿಂದ ಜಾರಿ ಬಿತ್ತು, ಬಗ್ಗಿ ಎತ್ತಿಕೊಂಡ, ಏಳುವುದಕ್ಕೆ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡ, ಎದ್ದು ಇನ್‌ಸ್ಪೆಕ್ಟರ ಕಡೆಗೆ ತಿರುಗಿ ಅಂದ, ಇಡ್ತಾನಂತೆ ಅಂತ ಹೇಳಿ ಸಾರ್ ಅವಳಿಗೆ. ಅವಳಿಗೆ. ಅವರಿಗೆ ಅಲ್ಲ. ಇನ್‌ಸ್ಪೆಕ್ಟರು ಬ್ರಶ್ಶು ಹಿಡಿದು ಇಬ್ಬರ ಮುಖವನ್ನೂ ನೋಡುತ್ತಾರೆ, ಅವರು ಏನೋ ಹೇಳುತ್ತಿದ್ದಾರೆ, ದೊಡ್ಡ ಡಬ್ಬಿಗೆ ಬೇರೆ ಅರ್ಜಿ, ಕಚೇರಿಗೆ ಬರಬೇಕು, ಬರುತ್ತಾಳೆ, ಯಾಕೆ ಬರುವುದಿಲ್ಲ, ವಾಷರು ಹಾಕಿಸಬೇಕು, ಪೌಡರಿನ ಘಮ ಬಂತು, ದಿಂಬಿನವನಿಗೆ ಹೇಳಿ ಕಳಿಸಬೇಕು, ಕಾಲರಿನಲ್ಲಿ ಸೂಜಿ ಇದೆ ಮರೆಯಬಾರದು, ಕೈಯಲ್ಲಿ ಇನ್ನೂ ಪೊಟ್ಟಣ ಇದೆ, ಬೆವರಿಗೆ ಕಾಗದ ಒದ್ದೆಯಾಗಿದೆ, ಹಸಿರು ದಾರ, ಗಂಟಿನ ಮೇಲೆ ಗಂಟು, ಕೈ ಹಾಕಬೇಡ — ಡಿ ಅಲ್ಲ — ಪೆನ್ನು ಒತ್ತಿದ ಕಡೆ ಕಾಗದ ಹರಿಯುವಷ್ಟು ದಪ್ಪಗೆ, ಬೇಡ — ಡ —