ಫೂಲ್ ತಿನ್ನದ ಫೂಲ್ ವ್ಯಾಪಾರಿ

ಮಗುವಿನ ಕಣ್ಣು ಹಳದಿಯಾದರೆ ಅರಬ್ಬೀ ನಾಡಿನ ದೆಸೂಕ್ ಊರಿನಲ್ಲಿ ಮೊದಲು ಕೇಳುವುದು ಒಂದೇ: ಯಾರ ಕಣ್ಣು ಬಿತ್ತು? ಶಹಾತಾ ಕೂಡ ಅದನ್ನೇ ಕೇಳಿದ. ಅಂದಿನಿಂದ ಮಗಳು ನಗ್ಲಾ ಅವನ ಹೊಸ್ತಿಲು ತುಳಿದಿಲ್ಲ.

ಆದದ್ದು ಇಷ್ಟು. ವಸಂತದ ಹಬ್ಬದ ದಿನ ಊರಿಗೆ ಊರೇ ಕಾಲುವೆಯ ದಂಡೆಯಲ್ಲಿ ಚಾಪೆ ಹಾಸಿ, ಉಪ್ಪುಮೀನು, ಹಸಿ ಈರುಳ್ಳಿ, ಬಣ್ಣದ ಮೊಟ್ಟೆ ಬಿಚ್ಚಿಕೊಂಡು ಕೂತಿತ್ತು. ಫೂಲ್ ಅಂದರೆ ಅಲ್ಲಿನ ಒಂದು ದಪ್ಪ ಕಾಳು; ಅದರ ಎಳೆಯ ಕಾಯಿ ಸುಲಿದು ಹಸಿ ಕಾಳು ತಿನ್ನುವುದು ಆ ಹಬ್ಬದ ರೂಢಿ. ಶಹಾತಾ ಮೊಮ್ಮಗ ಬಾಸಿಮನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದೇ ಕಾಳು ಬಿಡಿಸಿ ಬಾಯಿಗಿಟ್ಟ. ಹಬ್ಬ ಕಳೆದು ಎರಡು ದಿನವಾಗುವಷ್ಟರಲ್ಲಿ ಹುಡುಗ ಅರಿಸಿನ ಬಳಿದಂತಾದ. ಉಚ್ಚೆ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಉಳಿಸಿದರು. ಈ ಮಗುವಿಗೆ ಇನ್ನು ಜನ್ಮದಲ್ಲಿ ಫೂಲ್ ತೋರಿಸಬೇಡಿ ಅಂದರು ಡಾಕ್ಟರು.

ಶಹಾತಾನ ಹೊಟ್ಟೆಪಾಡೇ ಫೂಲ್. ಮಾವನಿಂದ ಬಂದ ತಳ್ಳುಗಾಡಿ, ಕಿರಿದಾದ ಕೊರಳಿನ ತಾಮ್ರದ ಕೊಡ, ಅದರಲ್ಲಿ ಬೆಣ್ಣೆಯಂತೆ ಬೆಂದ ಕಾಳು. ಕಾಳು ಮಾರುವವನ ಮನೆಗೇ ಕಾಳಿನ ಗೋಳು ಬಂತು. ನನ್ನ ಕಾಳಲ್ಲಿ ವಿಷವೇ, ಅರ್ಧ ಊರು ಇದನ್ನೇ ತಿಂದು ಬೆಳೆದಿದೆ, ಇದೆಲ್ಲ ನಿನ್ನ ಅತ್ತೆಯ ಕೆಟ್ಟ ಕಣ್ಣು ಅಂತ ಮಗಳ ಮೇಲೆ ರೇಗಿದ. ಇನ್ನೊಂದು ಹಿಡಿ ತಿನ್ನಿಸಿ ತೋರಿಸ್ತೀನಿ ಅಂದೂಬಿಟ್ಟ. ಆ ಮಾತಿಗೆ ನಗ್ಲಾ ಮಗುವನ್ನೆತ್ತಿಕೊಂಡು ಹೊರಟವಳು ತಿರುಗಿ ನೋಡಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಅವನ ಪಾಲಿಗೆ ಉಳಿದಿದ್ದ ಗದ್ದಲ ಆ ಹುಡುಗನದೊಂದೇ. ಅಜ್ಜ "ಬೆಣ್ಣೆಯಂಥಾ ಫೂ...ಲ್" ಅಂತ ರಾಗ ಎಳೆದರೆ, ಅದೇ ರಾಗವನ್ನು ಮೂಗಿನಲ್ಲಿ ಎಳೆದು ಅಣಕಿಸುತ್ತಿದ್ದ. ಈಗಲೂ ಬೆಳಿಗ್ಗೆ ಗಾಡಿಯ ಸುತ್ತ ಜನವೋ ಜನ. ಒಬ್ಬನಿಗೆ ನಿಂಬೆ ಬೇಕು, ಒಬ್ಬನಿಗೆ ಎಣ್ಣೆ ಜಾಸ್ತಿ ಬೇಕು. ತಟ್ಟೆ ಖಾಲಿಯಾದರೆ ಎಲ್ಲರೂ ಅವರವರ ದಾರಿ. ಅವನ ಕೂಗು ಅರ್ಧಕ್ಕೇ ನಿಲ್ಲತೊಡಗಿತು.

ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತೆ ಇನ್ಶಿರಾಹ್ ದಿನವೂ ಅಲ್ಲೇ ತಿಂಡಿ ತಿನ್ನುವವಳು. ಜನ ಚದುರಿದ ಮೇಲೆ ಒಂದು ದಿನ ತಟ್ಟೆ ಮುಂದೆ ಹಿಡಿದಳು.

"ಹಾಜಿ, ನನ್ನ ಜೊತೆ ಒಂದು ತುತ್ತು."

"ನಾನು ತಿನ್ನಲ್ಲ ಕಣಮ್ಮ."

"ಗೊತ್ತು. ತಾನು ಮುಟ್ಟದ್ದನ್ನ ನಮಗೆ ಬಡಿಸ್ತಾನೆ ಅಂತ ಊರೆಲ್ಲ ಆಡ್ಕೊಳ್ಳುತ್ತೆ. ಯಾಕೆ ತಿನ್ನಲ್ಲ ಅಂತ ಯಾರೂ ಕೇಳಿಲ್ಲ, ಅಲ್ವಾ?"

ಯಾರೂ ಕೇಳಿರಲಿಲ್ಲ. ಅವನಿಗೊಬ್ಬ ತಮ್ಮನಿದ್ದ, ಸಬ್ರಿ. ಇಂಥದೇ ವಸಂತದಲ್ಲಿ ಹೊಲದ ಬದುವಿನ ಮೇಲೆ ಕೂತು ಹಸಿ ಕಾಳು ತಿಂದವನು, ಹಳದಿಯಾಗಿ ಹೋಗಿಯೇಬಿಟ್ಟ. ಪಕ್ಕದ ಮನೆಯ ಬಂಜೆಯ ಕಣ್ಣು ಅಂದರು. ಆಕೆ ಸಾಯುವ ತನಕ ಯಾರೂ ಆಕೆಯ ಕೂಡ ಮಾತಾಡಲಿಲ್ಲ. ಶಹಾತಾನ ಅಮ್ಮ ಮಾತ್ರ ಆಮೇಲೆ ಮನೆಯೊಳಕ್ಕೆ ಫೂಲ್ ತರಲಿಲ್ಲ, ಅವನಿಗೂ ತಿನ್ನಗೊಡಲಿಲ್ಲ. ಇಷ್ಟು ಹೇಳುವಾಗ ಶಹಾತಾನ ಸೌಟು ಕೊಡದೊಳಗೇ ನಿಂತುಹೋಯಿತು.

ಇನ್ಶಿರಾಹ್ ದನಿ ತಗ್ಗಿಸಿದಳು. "ಕಾಳು ಕೆಟ್ಟದ್ದಲ್ಲ ಹಾಜಿ. ಕಣ್ಣೂ ಅಲ್ಲ. ಇದು ರಕ್ತದ ಒಂದು ಗುಣ. ನಿಮ್ಮಮ್ಮನಿಂದ ನಿಮಗೂ ಸಬ್ರಿಗೂ ಬಂದಿರಬೇಕು. ನಿಮ್ಮಿಂದ ನಗ್ಲಾಗೆ, ಅವಳಿಂದ ಬಾಸಿಮನಿಗೆ."

"ಅಂದ್ರೆ ನಮ್ಮ ರಕ್ತವೇ ಹೊಲಸಾ?"

ಅವಳು ಕಾಲುವೆಯ ಕಡೆ ಕೈ ತೋರಿಸಿದಳು. ಎಷ್ಟೋ ತಲೆಮಾರಿನ ಹಿಂದೆ ಈ ಜೌಗಿನಲ್ಲಿ ಮಲೇರಿಯಾ ಮಕ್ಕಳನ್ನು ಬಾಚಿಕೊಂಡು ಹೋಗುತ್ತಿತ್ತಂತೆ. ಇಂಥ ರಕ್ತದಲ್ಲಿ ಆ ಜ್ವರದ ಕ್ರಿಮಿ ಸುಲಭವಾಗಿ ಬೇರೂರದು. ಹಾಗಾಗಿ ಇದಿದ್ದ ಮಕ್ಕಳು ಹೆಚ್ಚಾಗಿ ಬದುಕಿದರು, ದೊಡ್ಡವರಾದರು, ಅವರಿಗೂ ಮಕ್ಕಳಾದವು. ಅಲ್ಲಿಂದ ಇಲ್ಲಿಗೆ ಈ ಗುಣ ನಡೆದುಬಂತು. "ಊರಿನಿಂದ ಜ್ವರ ಹೋಯ್ತು, ಗುರಾಣಿ ಉಳೀತು. ಫೂಲ್ ತಿಂದ್ರೆ ಅಂಥವರ ರಕ್ತಕಣ ಒಡೆಯುತ್ತೆ. ಅಷ್ಟೇ."

ಕೊಡದಲ್ಲಿ ಇನ್ನೂ ಕಾಳಿತ್ತು. ಶಹಾತಾ ಗಾಡಿ ಮುಚ್ಚಿ ಹೊರಟ.

ನಗ್ಲಾ ಬಾಗಿಲನ್ನು ಒಂದು ಗೇಣು ತೆರೆದಳು. "ಏನಪ್ಪ, ಇನ್ನೊಂದು ಹಿಡಿ ತಂದ್ಯಾ?"

"ಇಲ್ಲಮ್ಮ. ನಿಮ್ಮತ್ತೆ ಕಣ್ಣಲ್ಲ ಅದು. ನಾನು ಕೊಟ್ಟ ರಕ್ತ. ನನಗೊಬ್ಬ ತಮ್ಮ ಇದ್ದ, ಸಬ್ರಿ ಅಂತ. ನಿನಗೆ ಹೇಳೇ ಇಲ್ಲ."

ಅವಳು ಬಾಗಿಲು ಪೂರ್ತಿ ತೆರೆದಳು. "ಮೊದಲು ಕೈ ತೊಳ್ಕೋ. ಫೂಲ್ ವಾಸನೆ."

ಮಗುವಿನಂತೆ ಉಗುರಿನ ಸಂದಿಯನ್ನೂ ಉಜ್ಜಿ ತೊಳೆದು ಅವನು ಕೈ ಚಾಚಿ ತೋರಿಸಿದ. ಮಾರನೆಯ ದಿನ ಅವನೂ, ಪಕ್ಕದೂರಿಗೆ ಕೊಟ್ಟ ಕಿರಿ ಮಗಳ ಮಕ್ಕಳೂ ರಕ್ತ ಪರೀಕ್ಷೆಗೆ ಸಾಲಿನಲ್ಲಿ ನಿಂತರು.

ಓದುತ್ತಿರುವ ತಾಯಂದಿರೇ, ತಂದೆಯರೇ, ಈ ಗುಣದವರು ನಮ್ಮ ನಡುವೆಯೂ ಇದ್ದಾರೆ. ಫೂಲ್ ನಮ್ಮ ಅವರೆಕಾಳಲ್ಲ, ಅವರೆಗೆ ಅಂಜಬೇಡಿ. ಆದರೆ ಕೆಲವು ಔಷಧಿ, ಬಟ್ಟೆಯಲ್ಲಿಡುವ ನುಸಿಗುಳಿಗೆ ಕೂಡ ಇಂಥ ಮಕ್ಕಳಿಗೆ ಅಪಾಯ. ಮಗುವಿನ ಕಣ್ಣು ಹಳದಿಯಾಗಿ ಉಚ್ಚೆ ಕಪ್ಪಗಾದರೆ ದೃಷ್ಟಿ ತೆಗೆಯುತ್ತ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಈ ಗುಣವನ್ನು ಪತ್ತೆಹಚ್ಚುವ ಜಿ-ಸಿಕ್ಸ್-ಪಿಡಿ ಪರೀಕ್ಷೆ ಬೇಕೇ ಎಂದು ಕೇಳಿ. ನಿಮ್ಮ ಮನೆತನದಲ್ಲೂ ಹೀಗೆ ಬೇಗ ಹೋದ, ಯಾರೂ ಹೆಸರೆತ್ತದ ಮಗುವೊಂದು ಇದ್ದೀತು. ಆ ಹೆಸರನ್ನು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಿ.