ಕಡೆಯ ತುಂಡು

ಮರ ಕಡೆಯುವವನ ಕಥೆಯನ್ನು ಕಡೆಯಿಂದ ಶುರುಮಾಡುವುದು ತರವಲ್ಲ. ಆದರೆ ಏನು ಮಾಡುವುದು, ಉಳಿದದ್ದೇ ಕಡೆಯ ತುಂಡು. ನಡೆದದ್ದು ನಡೆದ ಹಾಗೇ ಇದೆ. ನಡುವೆ ಸುಳ್ಳಿನ ಗಂಟು ಸಿಕ್ಕರೆ ನೀವೇ ಕೆತ್ತಿ ಬಿಸಾಡಿ.

ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತ ಆತನನ್ನು ಬೀದಿಯೆಲ್ಲ ಬುಗುರಿ ಎನ್ನುತ್ತಿತ್ತು. ಅಂಟಿನ ಬಾಟಲಿ ಹಿಡಿದು ಅವನಿಗೇ ಅಂಟಿಕೊಂಡು ನಿಲ್ಲುತ್ತಿದ್ದವಳು ಹೆಂಡತಿ. ರಸ್ತೆ ಅಗಲ ಮಾಡುವವರು ಕಡಿದು ಬಿಟ್ಟಿದ್ದ ದಿಮ್ಮಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬೂಷ್ಟು ಹಿಡಿಯಲು ಬಿಟ್ಟವಳೂ ಅವಳೇ.

"ಅರ್ಧ ಕೊಳೆತ್ರೆ ಮರಕ್ಕೆ ಚಿತ್ರ ಬರತ್ತೆ ರೀ. ಪೂರ್ತಿ ಕೊಳೆತ್ರೆ ಒಲೆಗೆ."

ಅದರಲ್ಲಿ ಅವಳಿಗೊಂದು ಬಟ್ಟಲು ಆಗಬೇಕಿತ್ತು, ಕನ್ನಡಕ ಇಡಲು. ದಿನಕ್ಕೆ ನಾಲ್ಕು ಸಲ ಕನ್ನಡಕ ಕಳೆದು ಗಂಡನನ್ನೂ ಮಗಳನ್ನೂ ಮಂಚದಡಿ ತೂರಿಸುತ್ತಿದ್ದಳು. ದಿಮ್ಮಿ ಒಣಗುವಷ್ಟರಲ್ಲಿ ಅವಳೇ ಹೋದಳು. ಎರಡು ತಿಂಗಳಿಂದ ಕನ್ನಡಕ ಕಿಟಕಿಯಲ್ಲಿ ಒಂದೇ ಕಡೆ ಇದೆ. ಎಲ್ಲಿಗೂ ಹೋಗುತ್ತಿಲ್ಲ.

ದಿಮ್ಮಿಯಿಂದ ಮೂರು ತುಂಡು ಬಂದವು. ಕಪ್ಪು ಗೆರೆಗಳು ಸೊಗಸಾಗಿ ಮೂಡಿದ್ದವು. ಆದರೆ ಗೆರೆಯ ಈಚೆ ಗಟ್ಟಿ, ಆಚೆ ಬ್ರೆಡ್ಡಿನಷ್ಟು ಮೆತ್ತಗೆ. ಮೆತ್ತಗಿನ ಜಾಗಕ್ಕೆ ತೆಳು ಅಂಟು ಕುಡಿಸಿ, ಒಣಗುವವರೆಗೆ ಕಾದು, ಉಳಿ ಮಸೆದು, ಕೂದಲೆಳೆಯಷ್ಟೇ ತೆಗೆಯಬೇಕು. ಇಲ್ಲವಾದರೆ ನಾರು ಕಿತ್ತು ಬರುತ್ತದೆ. ಆ ಗುಂಡಿಯನ್ನು ಸ್ಯಾಂಡ್‌ಪೇಪರ್ ಇನ್ನಷ್ಟು ಕೆಡಿಸುತ್ತದೆ. ಇದೆಲ್ಲ ಬುಗುರಿಗೆ ಗೊತ್ತಿಲ್ಲದ್ದಲ್ಲ. ಆದರೆ ಉಳಿ ಮಸೆಯಲು ಲೇತ್ ನಿಲ್ಲಿಸಬೇಕು. ಲೇತ್ ನಿಂತರೆ ಮನೆ ಕೇಳಿಸುತ್ತದೆ.

ಎರಡು ತುಂಡು ಇಲಿ ಕಡಿದಂತಾಗಿ ಮೂಲೆ ಸೇರಿದವು.

ಅವಳಿದ್ದಾಗ ಹೀಗಾಗುತ್ತಿರಲಿಲ್ಲ. ಗಂಡ ಅವಸರಕ್ಕೆ ಬಿದ್ದನೆಂದರೆ, ಉಳಿ ಮರ ಬಿಟ್ಟ ಕ್ಷಣ ನೋಡಿ, ಬೆನ್ನ ಹಿಂದೆ ನಿಂತು, ಅವನಿಗೆ ಕೆಲಸ ಕಲಿಸಿ ಎಂದೋ ತೀರಿಕೊಂಡ ಗುರುವಿನ ದನಿ ತೆಗೆಯುತ್ತಿದ್ದಳು. ಮೊದಲು ಕೆಮ್ಮು, ಆಮೇಲೆ ಗುಡುಗು. ಅವನು ಬೆಚ್ಚಿ "ಮಸ್ದೆ ಗುರುಗಳೇ" ಎಂದುಬಿಡುತ್ತಿದ್ದ. ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಅವನು ಉರಿದುಬೀಳುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನಕ್ಕವನಲ್ಲ.

ಆ ಮಧ್ಯಾಹ್ನ ಕಡೆಯ ತುಂಡು ತಿರುಗುತ್ತಿತ್ತು. ಬಟ್ಟಲಿನ ಒಳಗೆ ಇನ್ನೊಂದು ಸುತ್ತು ಸಾಕು. ಉಳಿ ಮೊಂಡಾಗಿದೆಯೆಂದು ಕೈಗೆ ಗೊತ್ತಿತ್ತು; ಸುರುಳಿಯಾಗಿ ಬರಬೇಕಾದ ಸಿಪ್ಪೆ ಪುಡಿಪುಡಿಯಾಗಿ ಉದುರುತ್ತಿತ್ತು. ಇರಲಿ, ಇನ್ನೊಂದೇ ಒಂದು ಎಂದುಕೊಂಡು ಉಳಿಯನ್ನು ಹಿಂದಕ್ಕೆಳೆದು ಮತ್ತೆ ಒತ್ತಹೊರಟ.

ಬೆನ್ನ ಹಿಂದೆ ಕೆಮ್ಮು.

"ಲೋ ಮೊದ್ದು! ಉಳಿ ಮಸಿಯೋ! ಉಳಿ ಮೊಂಡಾದ್ರೆ ಏನೋ ಉಳಿಯತ್ತೆ?"

"ಮಸ್ದೆ ಗುರುಗಳೇ!" ಎಂದಿತು ಬಾಯಿ. ಕೈ ತಾನಾಗಿ ಲೇತ್ ನಿಲ್ಲಿಸಿತು.

ಬಾಗಿಲಲ್ಲಿ ಮಗಳು. ಕೈಯಲ್ಲಿ ಅಂಟಿನ ಬಾಟಲಿ. "ಬೈಬೇಡಪ್ಪಾ. ಇದೂ ಹೋಗಿಬಿಟ್ರೆ ಅಂತ..."

ಅವನು ಬೈಯಲಿಲ್ಲ. ಕೂತು ಉಳಿ ಮಸೆದ. ಅವಳು ಮೆತ್ತಗಿನ ಜಾಗಕ್ಕೆಲ್ಲ ಹನಿಹನಿಯಾಗಿ ಅಂಟು ಬಿಟ್ಟಳು. ಒಣಗಲೆಂದು ಇಬ್ಬರೂ ಕಾದರು. ಮನೆ ಕೇಳಿಸಿತು: ನಲ್ಲಿ ತೊಟ್ಟಿಕ್ಕುವುದು, ಗಡಿಯಾರ, ಯಾರೂ ಕನ್ನಡಕ ಹುಡುಕದಿರುವುದು.

ಆಮೇಲೆ ಉಳಿ ಮುಟ್ಟಿದಾಗ ಸಿಪ್ಪೆ ಉದ್ದಕ್ಕೆ ಸುರುಳಿಯಾಗಿ ಬಂತು. ಒಂದು ನಾರೂ ಕಿತ್ತು ಬರಲಿಲ್ಲ. ಮಗಳು ಹೋಗಿ ಕಿಟಕಿಯಿಂದ ಕನ್ನಡಕ ತಂದು ಬಟ್ಟಲೊಳಗಿಟ್ಟಳು. ಸರಿಯಾಗಿ ಹಿಡಿಯಿತು.

"ಅಲ್ವೇ, ನೀನು ಗುರುಗಳನ್ನ ನೋಡೇ ಇಲ್ಲ. ಆ ದನಿ ಹೇಗೆ ಬಂತು?"

"ಅಮ್ಮ ಮಾಡ್ತಿದ್ಲಲ್ಲ, ಹಾಗೇ."

"ನಿಮ್ಮಮ್ಮನೂ ನೋಡಿಲ್ಲ ಕಣೇ! ಮದುವೆಗೆ ಮೊದ್ಲೇ ಹೋಗಿದ್ರು ಅವರು." ಅವನು ಲೇತ್ ಹಿಡಿದುಕೊಂಡ. "ಗುರುಗಳದ್ದು ಕೀಚಲು ಗಂಟಲು. ಒಂದಿನಾನೂ ಕೆಮ್ಮಿದವರಲ್ಲ."

"ಮತ್ತೆ ನೀನು ಇಷ್ಟು ವರ್ಷ ಹೆದರಿದ್ದು ಯಾರಿಗೆ?"

"ಅವಳಿಗೇ!"

ಮಗಳು ಕಿಸಕ್ಕೆಂದಳು. ಅವನೂ ನಕ್ಕ. ಸಾಲ ಬಾಕಿಯಿದ್ದವನಂತೆ, ಇಪ್ಪತ್ತು ವರ್ಷದ್ದನ್ನೆಲ್ಲ ಒಟ್ಟಿಗೆ ನಕ್ಕ. ಕಣ್ಣಿಂದ ಮೂಗಿಂದ ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಗಳ ನಗು ಎಲ್ಲೋ ನಡುವೆ ನಿಂತುಹೋಗಿ, ಅವಳು ಅಪ್ಪನ ಭುಜ ಹಿಡಿದಳು. ಅವನು ಮಾತ್ರ ಇನ್ನೂ ಜೋರಾಗಿ ನಗುತ್ತಲೇ ಇದ್ದ.